ವಿಶ್ವಬ್ಯಾಂಕ್, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್), ಯುಎನ್ ಕೆಲಸದ ಟೆಂಡರ್ ಎಲ್ಲಿ ಹುಡುಕೋದು? ಧಾರವಾಡದ ಸಣ್ಣ ಸಂಸ್ಥೆಯ ಪ್ರಶ್ನೆ

ಕೆಲಗೇರಿ_ಸರ್ವೆ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಆರು ಮಂದಿ ಸೇರಿ ಒಂದು ಸಣ್ಣ ಸಂಸ್ಥೆ ನಡಸ್ತೀವಿ. ಜಿಐಎಸ್ ನಕಾಶೆ, ಡ್ರೋನ್ ಸರ್ವೆ, ಮನಿಮನಿ ಸರ್ವೆ, ನೀರಿನ ಮೂಲ ಗುರುತಿಸೋದು ನಮ್ಮ ಕೆಲಸ. ಒಂಬತ್ತು ವರ್ಷ ಆತು. ಇಲ್ಲೀತನಕ ಮಾಡಿದ್ದೆಲ್ಲಾ ದೊಡ್ಡ ಕಂಪನಿಗಳ ಕೈಕೆಳಗ. ದುಡಿಮಿ ನಮ್ದು, ಹೆಸರು ಅವರ್ದು.

ಹೋದ ವರ್ಷ ಒಂದು ಕಂಪನಿಯವರು ನಮ್ಮ ನಾಲ್ಕು ಮಂದಿ ಸಿವಿ ಇಸ್ಕೊಂಡು ಹೋದ್ರು, ಸಹಿ ಸಮೇತ. ಟೆಂಡರ್ ಅವರಿಗೇ ಆತು. ಆಮ್ಯಾಲೆ ಫೋನ್ ಎತ್ತಲಿಲ್ಲ. ಅದು ವಿಶ್ವಬ್ಯಾಂಕ್ ರೊಕ್ಕದ ಕೆಲಸ ಅಂತ ನಮಗ ಗೊತ್ತಾಗಿದ್ದು ಪೇಪರ್ ಓದಿ.

ಇಂಥ ಕೆಲಸ ನಾವೇ ನೇರ ಹಿಡೀಬೇಕಂದ್ರ ಎಲ್ಲಿ ನೋಡಬೇಕ್ರಿ? ದಿನಾ ಮುಂಜಾನೆ ಚಹಾ ಕುಡಕೋತ ವಿಶ್ವಬ್ಯಾಂಕಿನ ವೆಬ್‌ಸೈಟ್ ತಗದು 'ಇಂಡಿಯಾ', 'ಕನ್ಸಲ್ಟಿಂಗ್' ಅಂತ ಹಾಕ್ತೀನಿ. ಬರೋದೆಲ್ಲಾ ನಮ್ಮ ಅಳತಿಗೆ ನಿಲುಕದ್ದು. ಆರು ಇಒಐ (ಈ ಕೆಲಸಕ್ಕ ನಮಗ ಆಸಕ್ತಿ ಐತಿ ಅಂತ ಕೊಡೋ ಮೊದಲ ಅರ್ಜಿ) ಹಾಕೀವಿ, ಒಂದೂ ಶಾರ್ಟ್‌ಲಿಸ್ಟ್ ಆಗಿಲ್ಲ. ರೊಕ್ಕ ಕಟ್ಟಿ ನೋಡೋ ಸೈಟ್ ಅದಾವಂತ. ಕಟ್ಟೂಣೋ ಬ್ಯಾಡೋ?

ನಿವೃತ್ತ_ಪಿಐಯು

ನಾನು ಮೇಜಿನ ಆಚೆ ಕಡೆ ಕೂತಿದ್ದವನು. ಸರ್ಕಾರಿ ಪ್ರಾಜೆಕ್ಟ್ ಘಟಕದಲ್ಲಿ ಇಂಥ ಟೆಂಡರ್ ಕರೆಯೋದು, ಲಕೋಟೆ ಒಡೆಯೋದು, ಮಾರ್ಕ್ಸ್ ಹಾಕೋದು ಮಾಡಿಯೇ ನಿವೃತ್ತಿಯಾದೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ವಿಶ್ವಬ್ಯಾಂಕ್ ನಿಮಗೆ ಕೆಲಸ ಕೊಡಲ್ಲ. ಅದು ಸಾಲ ಕೊಡುತ್ತೆ. ಟೆಂಡರ್ ಕರೆಯೋದು, ಒಪ್ಪಂದಕ್ಕೆ ಸಹಿ ಹಾಕೋದು, ಬಿಲ್ಲು ಪಾಸು ಮಾಡೋದು, ಬಿಲ್ಲು ತಡ ಮಾಡೋದು ಎಲ್ಲಾ ಸಾಲ ತಗೊಂಡ ಸರ್ಕಾರದ ಇಲಾಖೆ ಅಥವಾ ನಿಗಮ. ಬ್ಯಾಂಕು ತನ್ನ ನಿಯಮ ಪಾಲನೆ ಆಯ್ತಾ ಅಂತ ನೋಡುತ್ತೆ, ಅಷ್ಟೆ. ನಿಮ್ಮ ಹುಬ್ಬಳ್ಳಿ–ಧಾರವಾಡದ 24x7 ನೀರಿನ ಯೋಜನೆಯನ್ನೇ ತಗೊಳ್ಳಿ. ಸಾಲ ವಿಶ್ವಬ್ಯಾಂಕಿನದು, ನಡೆಸೋದು ರಾಜ್ಯದ ನಗರ ಮೂಲಸೌಕರ್ಯ ನಿಗಮ ಕೆಯುಐಡಿಎಫ್‌ಸಿ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನೀರು–ಒಳಚರಂಡಿ ಕೆಲಸಕ್ಕೆ ಸಾಲ ಎಡಿಬಿಯದು, ಅಲ್ಲೂ ನಡೆಸೋದು ಅದೇ ನಿಗಮ. ಬೆಂಗಳೂರಿನ ಕಾವೇರಿ ಐದನೇ ಹಂತಕ್ಕೆ ಜಪಾನಿನ ಜೈಕಾ ಸಾಲ, ಟೆಂಡರ್ ಜಲಮಂಡಳಿಯದು. ನೀವು ವಾಷಿಂಗ್ಟನ್ ಕಡೆ ಮುಖ ಮಾಡಿ ಕೂತಿದ್ದೀರಿ, ಗಿರಾಕಿ ನಿಮ್ಮ ಬೆನ್ನ ಹಿಂದೆ ಇದ್ದಾನೆ.

ಎರಡನೇದು, ನೀವು ನೋಟಿಸ್ ಹುಡುಕ್ತಿದ್ದೀರಿ. ನೋಟಿಸ್ ಬರೋ ಹೊತ್ತಿಗೆ ಗೊತ್ತಿದ್ದವರು ಆರು ತಿಂಗಳಿಂದ ತಯಾರಿ ಮಾಡ್ಕೊಂಡಿರ್ತಾರೆ. ಅದರಲ್ಲಿ ಗುಟ್ಟೇನಿಲ್ಲ, ಅವರು ಪ್ರೊಕ್ಯೂರ್‌ಮೆಂಟ್ ಪ್ಲಾನ್ ಓದಿರ್ತಾರೆ. ಬ್ಯಾಂಕಿನ ಸೈಟಲ್ಲಿ ಪ್ರತಿ ಯೋಜನೆಗೂ ಒಂದು ಪುಟ ಇರುತ್ತೆ. ಅದರ ದಾಖಲೆಗಳ ಪಟ್ಟಿಯಲ್ಲಿ ಈ ಪ್ಲಾನ್ ಪುಕ್ಕಟೆ ಸಿಗುತ್ತೆ, ಕಾಲಕಾಲಕ್ಕೆ ತಿದ್ದುಪಡಿಯಾಗಿ ಬರ್ತಾನೇ ಇರುತ್ತೆ. ಮುಂದೆ ಕರೆಯೋ ಕಾಂಟ್ರಾಕ್ಟುಗಳು ಸಾಲುಸಾಲಾಗಿ ಇರ್ತವೆ: ಕೆಲಸದ ವಿವರ, ಅಂದಾಜು ಮೊತ್ತ ಡಾಲರಿನಲ್ಲಿ, ಆಯ್ಕೆಯ ವಿಧಾನ, ಯಾವ ತಿಂಗಳು ಕರೀತಾರೆ ಅನ್ನೋದು.

ಪ್ರತಿ ಸಾಲಿಗೂ ಒಂದು ಉದ್ದದ ಗುರುತಿನ ಸಂಖ್ಯೆ. ಮೊದಲು ದೇಶ, ಆಮೇಲೆ ಸಂಸ್ಥೆ, ನಂಬರು, ಅದಾದ ಮೇಲೆ ಎರಡು ಅಕ್ಷರ. ಅಲ್ಲಿ ಕಣ್ಣಿಡಿ. ಸಿಎಸ್ ಅಂದ್ರೆ ಕನ್ಸಲ್ಟಿಂಗ್, ಸಿಡಬ್ಲ್ಯು ಅಂದ್ರೆ ಸಿವಿಲ್ ಕೆಲಸ, ಜಿಒ ಅಂದ್ರೆ ಸಾಮಾನು ಖರೀದಿ. ನಾಲ್ಕನೇದು ಎನ್‌ಸಿ, ನಾನ್-ಕನ್ಸಲ್ಟಿಂಗ್ ಸರ್ವಿಸ್. ಬೋರ್ ಕೊರೆಯೋದು, ವೈಮಾನಿಕ ಚಿತ್ರ, ಉಪಗ್ರಹ ಚಿತ್ರ, ನಕಾಶೆ ತಯಾರಿ ಎಲ್ಲಾ ಬ್ಯಾಂಕಿನ ಲೆಕ್ಕದಲ್ಲಿ ಇದರೊಳಗೆ. ಅಂದರೆ ನಿಮ್ಮ ಡ್ರೋನ್ ಕೆಲಸ ಇರೋ ಡಬ್ಬಿಯ ಮುಚ್ಚಳಾನೇ ನೀವು ಇನ್ನೂ ತೆಗೆದಿಲ್ಲ. ದಿನಾ ಬೆಳಿಗ್ಗೆ 'ಕನ್ಸಲ್ಟಿಂಗ್' ಅಂತ ಹುಡುಕಿದರೆ ಅದು ಹೇಗೆ ಸಿಗುತ್ತೆ?

ಕೆಲಗೇರಿ_ಸರ್ವೆ

ಸರ್, ಒಂಬತ್ತು ವರ್ಷದಾಗ ಈ ಎನ್‌ಸಿ ಅನ್ನೋದು ಯಾರೂ ಹೇಳಿಲ್ರಿ! ಮುಂಜಾನೆ ಚಹಾ ಸುಮ್ನ ಹಾಳಾತಲ್ಲ.

ಇನ್ನೊಂದು. ಹಳ್ಳಿ ನೀರಿನ ಯೋಜನಾಕ್ಕ 2023ರಾಗ ವಿಶ್ವಬ್ಯಾಂಕ್ 36.3 ಕೋಟಿ ಡಾಲರ್ ಕೊಟ್ಟೈತಿ ಅಂತ ಓದಿದ್ದೆ. ಅಷ್ಟು ದೊಡ್ಡ ಯೋಜನಾ, ಬ್ಯಾಂಕಿನ ಸೈಟ್‌ನಾಗ ಟೆಂಡರ್ ನೋಟಿಸ್ ಹುಡುಕಿ ಸೋತೆ.

ನಿವೃತ್ತ_ಪಿಐಯು

ಅದು 'ಪ್ರೋಗ್ರಾಂ ಫಾರ್ ರಿಸಲ್ಟ್ಸ್' ಬಗೆಯ ಸಾಲ. ಇಷ್ಟು ಕೆಲಸ ಆದರೆ ಇಷ್ಟು ಹಣ ಅನ್ನೋ ಲೆಕ್ಕ. ಖರೀದಿಯೆಲ್ಲ ರಾಜ್ಯದ್ದೇ ಪದ್ಧತಿಯಲ್ಲಿ, ಟೆಂಡರ್ ಪಾರದರ್ಶಕತೆಯ 1999ರ ಕೆಟಿಪಿಪಿ ಕಾಯ್ದೆ ಪ್ರಕಾರ. ಆದ್ದರಿಂದ ಬ್ಯಾಂಕಿನ ಸೈಟಿಗೆ ನೋಟಿಸ್ ಬರೋದಿಲ್ಲ, ರಾಜ್ಯದ ಟೆಂಡರ್ ಪೋರ್ಟಲ್ ಕೆಪಿಪಿಪಿಯಲ್ಲಿ ಬೇರೆ ಟೆಂಡರ್‌ಗಳ ಮಧ್ಯೆ ಒಂದಾಗಿ ಬರುತ್ತೆ. ಹಣ ಎಲ್ಲಿಂದ ಬಂತು ಅಂತ ಹಣೆ ಮೇಲೆ ಬರೆದಿರಲ್ಲ. ಜಲಾನಯನದ ರಿವಾರ್ಡ್ ಯೋಜನೆಯೂ ಇದೇ ಜಾತಿ. ಯೋಜನೆಯ ದಾಖಲೆಯಲ್ಲಿ ಯಾವ ಇಲಾಖೆ ಏನು ಮಾಡುತ್ತೆ ಅಂತ ಇರುತ್ತೆ. ಅದನ್ನ ಓದಿ, ಆಮೇಲೆ ಇಲಾಖೆಯ ಹೆಸರು ಹಾಕಿ ಕೆಪಿಪಿಪಿಯಲ್ಲಿ ಹುಡುಕಿ.

ಮಾಮೂಲಿ ಸಾಲದ ಯೋಜನೆಗಳಲ್ಲೂ ಸಣ್ಣ ಮೊತ್ತದ ಕೆಲಸಗಳು ದೇಶದೊಳಗೆ ಮಾತ್ರ ಪ್ರಕಟ ಆಗೋದು ಹೆಚ್ಚು. ದಿನಪತ್ರಿಕೆ, ರಾಜ್ಯದ ಪೋರ್ಟಲ್, ನಿಗಮದ ಸೈಟು. ಯುಎನ್ ಡೆವಲಪ್‌ಮೆಂಟ್ ಬಿಸಿನೆಸ್ ಅನ್ನೋ ವಿಶ್ವಸಂಸ್ಥೆಯ ಟೆಂಡರ್ ಸೈಟಿನಲ್ಲಿ ಬರೋದು ಅಂತರರಾಷ್ಟ್ರೀಯವಾಗಿ ಕರೆಯೋ ದೊಡ್ಡವು.

ಸುಮ್ನೆ_ಓದುವವ

ಇಷ್ಟೆಲ್ಲಾ ಓದಿ ಏನು ಪ್ರಯೋಜನ ಸ್ವಾಮಿ? ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ. ನಾವು ಅರ್ಜಿ ಹಾಕೋದು 'ಮೂರು ಜನ ಬಂದಿದ್ರು' ಅಂತ ಫೈಲಲ್ಲಿ ಬರೆಯೋಕೆ.

ಮನಿಲಾ_ಮಂಗಳೂರು

ಅಷ್ಟು ಸುಲಭದಲ್ಲಿ ಬಿಟ್ಟುಬಿಟ್ಟರೆ ಹೇಗೆ ಮಾರಾಯ್ರೇ! ನಾನು ಪುನರ್ವಸತಿ, ಮಹಿಳಾ ಪಾಲ್ಗೊಳ್ಳುವಿಕೆ ವಿಷಯದಲ್ಲಿ ಒಬ್ಬಳೇ ಕೆಲಸ ಮಾಡುವ ಕನ್ಸಲ್ಟೆಂಟ್. ಎಡಿಬಿಯ ಕೇಂದ್ರ ಕಚೇರಿ ಮನಿಲಾದಲ್ಲಿ ಉಂಟಲ್ಲ, ವರ್ಷದಲ್ಲಿ ಕೆಲವು ತಿಂಗಳು ಇಲ್ಲಿ, ಉಳಿದದ್ದು ಊರೂರು. ಯಾರ ಪರಿಚಯವೂ ಇಲ್ಲದೆ ಶುರು ಮಾಡಿದ್ದು.

ಎಡಿಬಿಯ ಕನ್ಸಲ್ಟಿಂಗ್ ಕೆಲಸಕ್ಕೆ ಸಿಎಂಎಸ್ ಅಂತ ಒಂದು ಆನ್‌ಲೈನ್ ವ್ಯವಸ್ಥೆ. ನೋಂದಣಿಗೆ ದುಡ್ಡಿಲ್ಲ. ಸದಸ್ಯ ದೇಶದವರಾಗಿರಬೇಕು, ಭಾರತ ಸದಸ್ಯ, ಹಾಗಾಗಿ ತೊಂದರೆ ಇಲ್ಲ. ಒಬ್ಬಂಟಿಗರಿಗೂ ಸಂಸ್ಥೆಗಳಿಗೂ ಬೇರೆಬೇರೆ ನೋಟಿಸ್ ಬರ್ತದೆ. ನನಗೆ ಮೊದಲ ಕೆಲಸ ಸಿಗಲಿಕ್ಕೆ ಹದಿನೇಳು ಅರ್ಜಿ ಬೇಕಾಯಿತು. ಹದಿನಾರು ಸಲ ಒಂದೇ ಸಿವಿ ಕಳಿಸಿದ್ದೆ. ಹದಿನೇಳನೇ ಸಲ ಟಿಒಆರ್ (ಕೆಲಸ ಏನು, ಎಂಥವರು ಬೇಕು ಅಂತ ಬರೆದ ದಾಖಲೆ) ಪ್ರಿಂಟ್ ತೆಗೆದು, ಅದರಲ್ಲಿ ಕೇಳಿದ ಒಂದೊಂದು ವಾಕ್ಯದ ಪಕ್ಕ ನಾನು ಯಾವ ಊರಲ್ಲಿ, ಯಾವ ವರ್ಷ, ಎಷ್ಟು ಮನೆಗಳ ಜೊತೆ ಆ ಕೆಲಸ ಮಾಡಿದ್ದೆ ಅಂತ ಪೆನ್ಸಿಲಲ್ಲಿ ಬರೆದೆ. ಸಿವಿಯನ್ನು ಆ ಪೆನ್ಸಿಲ್ ಗುರುತಿನ ಮೇಲೆ ಹೊಸದಾಗಿ ಕಟ್ಟಿದೆ. 'ಸಮುದಾಯ ಅಭಿವೃದ್ಧಿಯಲ್ಲಿ ಅಪಾರ ಅನುಭವ' ಅಂತ ಬರೆದರೆ ಅವರಿಗೆ ಮಾರ್ಕ್ಸ್ ಹಾಕಲಿಕ್ಕೆ ಎಲ್ಲಿ ಹಾಕುದು?

ಕೆಲಗೇರಿಯವರೇ, ನಿಮ್ಮ ಇಒಐಯಲ್ಲಿ ಸಿಬ್ಬಂದಿಯ ಸಿವಿ ಲಗತ್ತಿಸಿದ್ದಿರಾ?

ಕೆಲಗೇರಿ_ಸರ್ವೆ

ಹೌದ್ರಿ ಅಕ್ಕಾರ. ಎಲ್ಲಾ ಆರಕ್ಕೂ. ನಲವತ್ತು ಪುಟ ಸಿವಿನೇ ಇದ್ದವು.

ಮನಿಲಾ_ಮಂಗಳೂರು

ಅದೇ ಅಂದಾಜಿಸಿದೆ. ವಿಶ್ವಬ್ಯಾಂಕಿನ ಇಒಐ ನೋಟಿಸನ್ನು ಪೂರ್ತಿ ಓದಿ. ಶಾರ್ಟ್‌ಲಿಸ್ಟ್ ಹಂತದಲ್ಲಿ ಪ್ರಮುಖ ತಜ್ಞರನ್ನು ಪರಿಗಣಿಸುವುದಿಲ್ಲ ಅಂತ ಸ್ಪಷ್ಟ ಇರ್ತದೆ. ಆಗ ನೋಡುದು ಸಂಸ್ಥೆಯ ಅನುಭವ ಮಾತ್ರ: ಇಂಥದೇ ಕೆಲಸ ಯಾವಾಗ, ಯಾರಿಗೆ, ಎಷ್ಟು ಮೊತ್ತಕ್ಕೆ ಮಾಡಿದ್ದೀರಿ ಅಂತ. ನೀವು ನಲವತ್ತು ಪುಟ ಅವರು ನೋಡದೇ ಇರುವುದನ್ನು ಕೊಟ್ಟು, ನೋಡುವುದನ್ನು ಒಂದು ಪುಟದಲ್ಲಿ ಮುಗಿಸಿದ್ದೀರಿ ಅಂತ ಕಾಣ್ತದೆ.

ನಿವೃತ್ತ_ಪಿಐಯು

ಸರಿಯಾಗಿ ಹೇಳಿದಿರಮ್ಮ. ನನ್ನ ಮೇಜಿಗೆ ಬಂದ ಇಒಐಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ.

'ಸುಮ್ನೆ ಓದುವವ'ರ ಮಾತಿಗೆ. ಫಿಕ್ಸ್ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಒಬ್ಬರ ಮೈ ಅಳತೆ ತಗೊಂಡು ಅಂಗಿ ಹೊಲಿದ ಹಾಗೆ ಟಿಒಆರ್ ಹೊಲಿದದ್ದನ್ನ ಕಣ್ಣಾರೆ ಕಂಡಿದ್ದೀನಿ. ಅಂಥದರ ಗುರುತು ಇದೆ: ಅರ್ಹತೆ ವಿಪರೀತ ನಿರ್ದಿಷ್ಟ, ಗಡುವು ವಿಪರೀತ ಹತ್ತಿರ, ಬಿಡ್ ಹಾಕೋ ಮುಂಚೆ ಕೇಳೋ ಪ್ರೀ-ಬಿಡ್ ಪ್ರಶ್ನೆಗೆ 'ಟೆಂಡರ್ ದಾಖಲೆ ನೋಡಿ' ಅನ್ನೋದೊಂದೇ ಉತ್ತರ. ಆ ಮೂರೂ ಕಂಡರೆ ಹಾಕಬೇಡಿ, ನಿಮ್ಮ ಹದಿನೈದು ದಿನ ಉಳಿಸ್ಕೊಳ್ಳಿ.

ಆದರೆ ಸೋತವರಿಗೆ ಕೇಳೋ ಹಕ್ಕೂ ಇದೆ. 2016ರ ಜುಲೈಯಿಂದ ಜಾರಿಗೆ ಬಂದ ವಿಶ್ವಬ್ಯಾಂಕಿನ ಹೊಸ ನಿಯಮದಲ್ಲಿ ಸ್ಟ್ಯಾಂಡ್‌ಸ್ಟಿಲ್ ಅಂತ ಇದೆ. ಅದು ಅನ್ವಯ ಆಗೋ ಟೆಂಡರ್‌ಗಳಲ್ಲಿ ಯಾರಿಗೆ ಕೊಡ್ತೀವಿ ಅಂತ ತಿಳಿಸಿದ ಮೇಲೆ ಹತ್ತು ಕೆಲಸದ ದಿನ ಸಹಿ ಹಾಕೋ ಹಾಗಿಲ್ಲ. ಸೋತವರು ಮೂರು ಕೆಲಸದ ದಿನದೊಳಗೆ 'ನಾವು ಯಾಕೆ ಸೋತೆವು' ಅಂತ ಲಿಖಿತವಾಗಿ ಕೇಳಿದರೆ ಇಲಾಖೆ ಉತ್ತರ ಹೇಳಲೇಬೇಕು. ನನ್ನ ಇಡೀ ಸರ್ವಿಸ್‌ನಲ್ಲಿ ಹಾಗೆ ಕೇಳಿದವರು ಬೆರಳೆಣಿಕೆ. ಕೇಳಿದವರ ಮುಂದಿನ ಅರ್ಜಿ ಮಾತ್ರ ಬೇರೆಯೇ ತೂಕದ್ದಾಗಿರ್ತಿತ್ತು.

ತುಮಕೂರು_ಲೆಕ್ಕ

ಫಿಕ್ಸ್ ಅನ್ನೋರು ಒಂದು ಸಲ ಕ್ಯೂಸಿಬಿಎಸ್ ಲೆಕ್ಕ ಹಾಕಿ ನೋಡಬೇಕು. ಗುಣಮಟ್ಟ ಮತ್ತು ದರ ಎರಡಕ್ಕೂ ಮಾರ್ಕ್ಸ್ ಇರೋ ಪದ್ಧತಿ. ಎಲ್ಲ ಟೆಂಡರ್‌ನಲ್ಲೂ ಕಡಿಮೆ ದರದ ಎಲ್1ಗೇ ಕೆಲಸ ಅಂದುಕೊಂಡಿರ್ತೀವಲ್ಲ, ಇಲ್ಲಿ ಹಾಗಲ್ಲ.

ಒಂದು ಸಂಸ್ಥೆಗೆ ತಾಂತ್ರಿಕ ಅಂಕ 88, ದರ 60 ಲಕ್ಷ ಅಂದ್ಕೊಳ್ಳಿ. ಇನ್ನೊಂದಕ್ಕೆ ಅಂಕ 80, ದರ 48 ಲಕ್ಷ. ಕಡಿಮೆ ದರದವರಿಗೆ ದರದ ಅಂಕ 100. ಮೊದಲನೆಯವರಿಗೆ 48ನ್ನ 60ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 80. ಈಗ ತೂಕ 80:20 ಇದ್ದರೆ ಮೊದಲನೆಯವರಿಗೆ 70.4 ಕೂಡಿಸು 16, ಅಂದರೆ 86.4. ಎರಡನೆಯವರಿಗೆ 64 ಕೂಡಿಸು 20, ಅಂದರೆ 84. ಹನ್ನೆರಡು ಲಕ್ಷ ಜಾಸ್ತಿ ಕೇಳಿದವರೇ ಗೆದ್ದರು. ಅದೇ ತೂಕ 70:30 ಆದರೆ ಮೊದಲನೆಯವರಿಗೆ 85.6, ಎರಡನೆಯವರಿಗೆ 86. ತಿರುಗುಮುರುಗು!

ಟೆಂಡರ್ ಕೈಗೆ ಬಂದ ತಕ್ಷಣ ನಾನು ಮೊದಲು ನೋಡೋದು ಆ ಎರಡು ಸಂಖ್ಯೆ. ದರ ಎಷ್ಟು ಬಿಗಿ ಹಿಡೀಬೇಕು ಅನ್ನೋದು ಅಲ್ಲೇ ತೀರ್ಮಾನ ಆಗುತ್ತೆ.

ಸುಮ್ನೆ_ಓದುವವ

ಸರಿ, ಲೆಕ್ಕ ಒಪ್ಪಿದೆ. ಪೂರ್ತಿ ಒಪ್ಪಿಲ್ಲ 😄

ಕ್ಷೇತ್ರಕಾರ್ಯ_ರಾಯಚೂರು

ಅಮೆರಿಕದ ಹಣ ನಂಬಿಕೊಂಡವರ ಪಾಡನ್ನೂ ಇಲ್ಲಿ ಬರೆದುಬಿಡ್ತೀನಿ. ನಾವು ಆರೋಗ್ಯದ ಕೆಲಸ ಮಾಡೋರು. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಯ ಗುತ್ತಿಗೆಯ ಕೆಳಗೆ ಉಪಗುತ್ತಿಗೆ ಸಿಗುತ್ತೆ ಅಂತ ಆ ಸರ್ಕಾರದ ಸ್ಯಾಮ್ ಪೋರ್ಟಲ್‌ನಲ್ಲಿ ನೋಂದಣಿಗೆ ಇಳಿದ್ವಿ. ಹೊರದೇಶದ ಸಂಸ್ಥೆಗೆ ಮೊದಲು ಎನ್‌ಕೇಜ್ ಅನ್ನೋ ಕೋಡ್ ಬೇಕು, ಆಮೇಲೆ ನೋಂದಣಿ. 2022ರ ಏಪ್ರಿಲ್‌ಗೆ ಮುಂಚೆ ಸಂಸ್ಥೆಯ ಗುರುತಿಗೆ ಡನ್ಸ್ ನಂಬರ್ ಇತ್ತು, ಅದು ಹೋಗಿ ಯುಇಐ ನಂಬರ್ ಬಂತು. ನಾವು ಮಾಡಿದ ತಪ್ಪು ಏನು ಗೊತ್ತಾ? ಒಂದು ಅರ್ಜಿಯಲ್ಲಿ ವಿಳಾಸಕ್ಕೆ 'ಸ್ಟೇಷನ್ ರೋಡ್' ಅಂತ, ಇನ್ನೊಂದರಲ್ಲಿ 'ಸ್ಟೇಷನ್ ರಸ್ತೆ' ಅಂತ ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ವಿ. ವಿಳಾಸ ತಾಳೆ ಆಗಲಿಲ್ಲ. ಒಂದು ಪದಕ್ಕೆ ವಾರಗಟ್ಟಲೆ ಪತ್ರ ವ್ಯವಹಾರ.

ಎಲ್ಲಾ ಸರಿಯಾಯ್ತು. 2025ರ ಜನವರಿ 20ಕ್ಕೆ ವಿದೇಶಿ ನೆರವು ತಡೆಹಿಡಿಯೋ ಆದೇಶ ಬಂತು, ಜುಲೈ 1ಕ್ಕೆ ಆ ಸಂಸ್ಥೆಯ ಬಾಗಿಲೇ ಮುಚ್ಚಿತು, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯ್ತು. 1961ರಿಂದ ಇದ್ದ ಮರ. ಯುಇಐ ಇನ್ನೂ ನನ್ನ ಡೈರಿಯಲ್ಲಿದೆ. ಒಂದೇ ದಾನಿಯನ್ನ ನೆಚ್ಚಬೇಡಿ ಅಂತ ಬೇರೆ ಹೇಳಬೇಕಿಲ್ಲ ಅನ್ಸುತ್ತೆ.

ಈಗ ನಾವು ಯುಎನ್ ಕಡೆ ನೋಡ್ತಿದೀವಿ. ಯುಎನ್‌ಜಿಎಂ ಅಂತ ಒಂದೇ ಪೋರ್ಟಲ್, ಯುನಿಸೆಫ್, ಯುಎನ್‌ಡಿಪಿ, ಯುಎನ್‌ಒಪಿಎಸ್ ಹೀಗೆ ಬಹಳಷ್ಟು ಸಂಸ್ಥೆಗಳ ನೋಟಿಸ್ ಅಲ್ಲೇ. ಇಲ್ಲಿ ಮಾತ್ರ ಕೆಲಸ ಕೊಡೋದು ಯುಎನ್ ಸಂಸ್ಥೆಯೇ, ಸರ್ಕಾರ ಅಲ್ಲ. ಕರ್ನಾಟಕದ ಯುನಿಸೆಫ್ ಕೆಲಸ ಹೈದರಾಬಾದ್ ಕಚೇರಿಯಿಂದ ನಡೆಯುತ್ತೆ, ಮನೆ ಸಮೀಕ್ಷೆಯಂಥವು ಕೆಲಗೇರಿಯವರಿಗೆ ಆಗಬಹುದು. ನೋಂದಣಿ ಪುಕ್ಕಟೆ, ನೋಟಿಸ್ ನೋಡೋದೂ ಪುಕ್ಕಟೆ. ಮೇಲ್‌ನಲ್ಲಿ ತಾನಾಗೇ ಬರಬೇಕು ಅಂದರೆ ಅದಕ್ಕೆ ಮಾತ್ರ ಚಂದಾ.

ಹೆಸರು_ಬೇಡ

ಪುಕ್ಕಟೆ ಅಂದ್ರಲ್ಲ, ಹೊಟ್ಟೆ ಉರಿದು ಬರೀತಿದೀನಿ. ಒಬ್ಬ ಏಜೆಂಟ್ 'ಯುಎನ್ ವೆಂಡರ್ ರಿಜಿಸ್ಟ್ರೇಷನ್, ಎರಡು ಆರ್ಡರ್ ಗ್ಯಾರಂಟಿ' ಅಂತ ನನ್ನ ಹತ್ರ 85,000 ಇಸ್ಕೊಂಡ. ಚಿನ್ನದ ಬಣ್ಣದ ಅಂಚಿರೋ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಕೊಟ್ಟ. ಆಫೀಸಲ್ಲಿ ಗಣಪತಿ ಫೋಟೋ ಪಕ್ಕ ತೂಗುಹಾಕಿದ್ದೆ. ಆಮೇಲೆ ಗೊತ್ತಾಯ್ತು, ಅವನು ಮಾಡಿದ್ದು ಯಾರು ಬೇಕಾದ್ರೂ ಅರ್ಧ ಗಂಟೆಯಲ್ಲಿ ಮಾಡೋ ಬೇಸಿಕ್ ನೋಂದಣಿ. ಪಾಸ್‌ವರ್ಡ್ ಕೂಡ ಅವನ ಹತ್ರಾನೇ ಇತ್ತು.

ನಿವೃತ್ತ_ಪಿಐಯು

ಫ್ರೇಮಾದರೂ ಗಟ್ಟಿ ಇದೆಯಾ?

ಚಂದಾ ಕಟ್ಟೋ ಸೈಟುಗಳ ಪ್ರಶ್ನೆ ಉಳಿದಿತ್ತು. ಹತ್ತು ದೇಶದಲ್ಲಿ ಕೆಲಸ ಮಾಡೋರಿಗೆ ಅವು ಸಮಯ ಉಳಿಸ್ತವೆ. ನಿಮಗೆ ಈಗ ಬೇಡ. ಅದರ ಬದಲು ಪುಕ್ಕಟೆ ಸಿಗೋ ಇನ್ನೊಂದು ಗಣಿ ಇದೆ: ಕಾಂಟ್ರಾಕ್ಟ್ ಅವಾರ್ಡ್ ಮಾಹಿತಿ. ಹಿಂದೆ ಯಾರಿಗೆ, ಯಾವ ಕೆಲಸ, ಎಷ್ಟು ಮೊತ್ತಕ್ಕೆ ಹೋಯ್ತು ಅನ್ನೋದನ್ನ ಬ್ಯಾಂಕು ಪ್ರಕಟಿಸುತ್ತೆ. ದಕ್ಷಿಣ ಭಾರತದ ನೀರಿನ ಯೋಜನೆಗಳಲ್ಲಿ ಪದೇ ಪದೇ ಗೆಲ್ಲೋ ಏಳೆಂಟು ಹೆಸರು ಸಿಗ್ತವೆ. ಅವರಲ್ಲಿ ಡ್ರೋನ್ ಇಲ್ಲದವರು ಯಾರು ನೋಡಿ, ಪ್ಲಾನಿನಲ್ಲಿ ಮುಂದಿನ ಕೆಲಸ ಕಂಡ ತಕ್ಷಣ ನೀವೇ ಅವರಿಗೆ ಪತ್ರ ಬರೀರಿ. ನೋಟಿಸ್ ಬಂದ ಮೇಲೆ ಹೋದರೆ ನೀವು ಅವರಿಗೆ ಸಿವಿ. ಮೊದಲೇ ಹೋದರೆ ಪಾಲುದಾರ.

ಜೆವಿ (ಜಂಟಿ ಪಾಲುದಾರಿಕೆ) ಮತ್ತು ಸಬ್-ಕನ್ಸಲ್ಟೆಂಟ್ (ಅವರ ಕೈಕೆಳಗೆ ಕೆಲಸ) ವ್ಯತ್ಯಾಸ ತಿಳ್ಕೊಳ್ಳಿ. ಜೆವಿ ಅಂದರೆ ಅನುಭವದ ಲೆಕ್ಕಕ್ಕೆ ನೀವೂ ಬರ್ತೀರಿ, ಆದರೆ ಇಡೀ ಕಾಂಟ್ರಾಕ್ಟಿನ ಹೊಣೆ ಎಲ್ಲರ ತಲೆ ಮೇಲೆ, ಜಂಟಿಯಾಗಿಯೂ ಒಬ್ಬೊಬ್ಬರಾಗಿಯೂ. ದೊಡ್ಡವರು ಕೈ ಎತ್ತಿದರೆ ನಿಮ್ಮ ಕೊರಳಿಗೆ. ಸಹಿ ಮುಂಚೆ ವಿಶ್ವಬ್ಯಾಂಕಿನ ನಿಷೇಧಿತರ ಪಟ್ಟಿಯಲ್ಲಿ ಅವರ ಹೆಸರು ಇದೆಯಾ ನೋಡಿ. 2010ರ ಒಪ್ಪಂದದ ಪ್ರಕಾರ, ಒಂದು ಬ್ಯಾಂಕು ಒಂದು ವರ್ಷ ಮೀರಿ ನಿಷೇಧಿಸಿದರೆ ಎಡಿಬಿ, ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ಮುಂತಾದವೂ ಬಾಗಿಲು ಹಾಕ್ತವೆ.

ನಿಮ್ಮ ಸಿವಿ ಪ್ರಸಂಗ. ಮೌಲ್ಯಮಾಪನ ಆದ ಪ್ರಮುಖ ತಜ್ಞರನ್ನ ಸಾವು, ಕಾಯಿಲೆಯಂಥ ಕೈಮೀರಿದ ಕಾರಣಕ್ಕೆ, ಅದೂ ಇಲಾಖೆ ಒಪ್ಪಿದರೆ ಮಾತ್ರ ಬದಲಾಯಿಸಬಹುದು. ನಿಮ್ಮ ನಾಲ್ಕು ಜನ ಆ ಸ್ಥಾನದಲ್ಲಿದ್ದರೆ 'ನಾವು ಬದುಕಿದ್ದೀವಿ, ಆರೋಗ್ಯವಾಗಿದ್ದೀವಿ, ನಮ್ಮನ್ನ ಕರೆದಿಲ್ಲ' ಅಂತ ಯೋಜನಾ ಘಟಕಕ್ಕೆ ಒಂದು ಪತ್ರ ಸಾಕು.

ದಾರ್_ಎಸ್_ಸಲಾಮ್_ಗೌಡ

ಟಾಂಜಾನಿಯಾದಿಂದ ಮಂಡ್ಯದವ. ಎಲ್ಲರೂ ಹೊರಗಿನ ದುಡ್ಡು ಒಳಗೆ ಬರೋದನ್ನ ಹೇಳ್ತಿದೀರ. ನಮ್ಮ ದುಡ್ಡು ಹೊರಗೆ ಹೋಗೋದೂ ಇದೆ ಕಣ್ರಪ್ಪ. ಭಾರತ ಸರ್ಕಾರ ಎಕ್ಸಿಮ್ ಬ್ಯಾಂಕ್ ಮೂಲಕ ಆಫ್ರಿಕಾ, ಏಷ್ಯಾದ ದೇಶಗಳಿಗೆ ಸಾಲದ ಲೈನ್ ಕೊಡುತ್ತೆ. ಇಲ್ಲಿನ ಊರುಗಳ ನೀರಿಗೆ 2018ರಲ್ಲಿ 50 ಕೋಟಿ ಡಾಲರ್ ಕೊಟ್ಟದ್ದು. ಕನಿಷ್ಠ ಮುಕ್ಕಾಲು ಪಾಲು ಸಾಮಾನು–ಸೇವೆ ಭಾರತದ್ದೇ ಆಗಿರಬೇಕು ಅನ್ನೋದು ಸಾಮಾನ್ಯ ನಿಯಮ, ಕಾಮಗಾರಿಗೆ ಒಂದಿಷ್ಟು ಸಡಿಲ. ಯಾರು ಬಿಡ್ ಹಾಕಬಹುದು ಅಂತ ಮೊದಲೇ ಸೋಸೋ ಪ್ರೀ-ಕ್ವಾಲಿಫಿಕೇಷನ್ ಎಕ್ಸಿಮ್ ಬ್ಯಾಂಕೇ ನಡೆಸುತ್ತೆ, ಅದರ ಸೈಟಲ್ಲೇ ಬರುತ್ತೆ. ದೊಡ್ಡ ಕಂಟ್ರಾಕ್ಟರ್‌ಗಳ ಆಟ ಅದು, ಆದರೆ ಆಯ್ಕೆಯಾದವರಿಗೆಲ್ಲ ಸರ್ವೆಯವರು ಬೇಕೇ ಬೇಕು. ಇಲ್ಲಿ ಬಂದ್ರೆ ಮುದ್ದೆ ಸಿಗಲ್ಲ, ಉಗಾಲಿ ಸಿಗುತ್ತೆ. ಮುಸುಕಿನ ಜೋಳದ ಹಿಟ್ಟಿನದು, ಉಪ್ಸಾರು ಮಾಡ್ಕೊಂಡ್ರೆ ಪರವಾಗಿಲ್ಲ.

ಸಿಎ_ಬಸವನಗುಡಿ

ಎರಡೇ ಮಾತು. ಯುಎನ್ ಸಂಸ್ಥೆಗಳಿಗೆ ಜಿಎಸ್‌ಟಿಯಲ್ಲಿ ಯುಐಎನ್ ಅಂತ ಪ್ರತ್ಯೇಕ ನಂಬರ್ ಇರುತ್ತೆ. ನೀವು ತೆರಿಗೆ ಹಾಕಿಯೇ ಇನ್‌ವಾಯ್ಸ್ ಕೊಡಬೇಕು, ಅದರಲ್ಲಿ ಆ ನಂಬರ್ ನಮೂದಿಸಬೇಕು, ವಾಪಸ್ ಪಡೆಯೋದು ಅವರ ಕೆಲಸ. 'ಯುಎನ್‌ಗೆ ತೆರಿಗೆ ಇಲ್ಲ' ಅಂತ ಬಿಟ್ಟವರು ಆಮೇಲೆ ಕೈಯಿಂದ ಕಟ್ಟಿದ್ದಾರೆ. ಮತ್ತೆ, ಪೂರ್ಣಗೊಂಡ ಪ್ರತಿ ಕೆಲಸಕ್ಕೂ ಮೊತ್ತ ನಮೂದಿಸಿದ ಕಂಪ್ಲೀಷನ್ ಸರ್ಟಿಫಿಕೇಟ್ ಆಗಲೇ ಈಸ್ಕೊಳ್ಳಿ. ಮೂರು ವರ್ಷ ಆದಮೇಲೆ ಕೇಳಿದರೆ ಸಹಿ ಹಾಕಿದ ಅಧಿಕಾರಿ ವರ್ಗವಾಗಿರ್ತಾರೆ.

ಕೆಲಗೇರಿ_ಸರ್ವೆ

ನಾಲ್ಕು ದಿನ ಉತ್ತರ ಬರೀಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ಸರ್ ಹೇಳಿದಂಗ ಮೂರು ಯೋಜನಾದ ಪ್ಲಾನ್ ಪ್ರಿಂಟ್ ತಗದು ನಾವು ಆರೂ ಮಂದಿ ಕೂತು ಪೆನ್ಸಿಲ್ ಹಿಡ್ಕೊಂಡು ಓದಿದಿವಿ. ಎನ್‌ಸಿ ಅಂತ ಇದ್ದ ಸಾಲು ಐದು. ನಾಲ್ಕು ಆಗಲೇ ಮುಗದಾವ. ಐದನೇದ್ದು ಪೈಪ್‌ಲೈನ್ ಹಾದಿಯ ಡ್ರೋನ್ ನಕಾಶೆ, ಅಂದಾಜು ನಮ್ಮ ಕೈಗೆ ನಿಲುಕೂವಷ್ಟು. ಕೆಪಿಪಿಪಿಯಾಗ ನೋಡಿದ್ರ ಮೊನ್ನೆನೇ ಕರದಾರ! ಪ್ರೀ-ಬಿಡ್ ಮೀಟಿಂಗ್ ಗುರುವಾರ 11ಕ್ಕ, ಬೆಂಗಳೂರಾಗ. ಹೋಗೂದು ಕಡ್ಡಾಯ ಅಲ್ಲಂತ ಬರದಾರ. ಹೋಗ್ಲೇನ್ರಿ?

ನಿವೃತ್ತ_ಪಿಐಯು

ಹೋಗಿ. ಪ್ರಶ್ನೆ ಬಾಯಲ್ಲಿ ಕೇಳಬೇಡಿ, ಲಿಖಿತವಾಗಿ ಕೊಡಿ, ಉತ್ತರ ಎಲ್ಲರಿಗೂ ಹೋಗುತ್ತೆ ಅನ್ನೋದು ನೆನಪಿರಲಿ. ನಿಮ್ಮ ತಂತ್ರ ಬಿಟ್ಟುಕೊಡೋ ಪ್ರಶ್ನೆ ಬೇಡ. ಯಾರ್‍ಯಾರು ಬಂದಿದ್ದಾರೆ, ಹಾಜರಿ ಪುಸ್ತಕದಲ್ಲಿ ನೋಡ್ಕೊಳ್ಳಿ. ಮತ್ತೆ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಅವಧಿ ಮುಗಿದಿದೆಯಾ ಇವತ್ತೇ ನೋಡಿ. ಕೊನೇ ದಿನ ಸಂಜೆ ನಾಲ್ಕಕ್ಕೆ ಅದು ಕೈಕೊಟ್ಟರೆ ನಾನೂ ಏನೂ ಮಾಡಕ್ಕಾಗಲ್ಲ.

ಕೆಲಗೇರಿ_ಸರ್ವೆ

ನೋಡಿದ್ನಿ ಸರ್. ಹೋದ ತಿಂಗಳೇ ಮುಗದೈತಿ. ಹೊಸಾದಕ್ಕ ಹಾಕೀನಿ, ವಿಡಿಯೋ ವೆರಿಫಿಕೇಶನ್ ಆತು. ಬುಧವಾರ ರಾತ್ರಿ ಬಸ್ಸಿಗೆ ಸೀಟ್ ಬುಕ್ ಮಾಡೀನ್ರಿ.